ಹೊಸ್ತಿಲು ದಾಟಿಸುವ ಏಳು ಸೂತ್ರಗಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹಳೇ ಮನೆಗಳೆಂದರೆ ಎತ್ತರದ ಜಗಲಿ, ಹಿತ್ತಲಿನಲ್ಲಿ ಬಚ್ಚಲು. ಕಾಲು ಸೋತವರಿಗೆ ಎರಡೂ ಕಷ್ಟ. ಇಳಿಜಾರು, ಹಿಡಿಕಂಬಿ, ಕಮೋಡ್‌ಗೆ ಸರ್ಕಾರದ ಹಣ ಕೇಳಬಹುದು. ಕೇಳುವ ದಾರಿ ಹೀಗೆ:

1. ಮೊದಲು ಕಾರ್ಡು. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದ್ದರೆ ವಿಕಲಚೇತನರ ವಿಶಿಷ್ಟ ಗುರುತಿನ (ಯುಡಿಐಡಿ) ಕಾರ್ಡ್ ಮಾಡಿಸಿ. ಲಕ್ವ ಹೊಡೆದ ಅಜ್ಜನೂ ಅರ್ಜಿ ಹಾಕಬಹುದು. ‘ವಯಸ್ಸಾಯ್ತು ಬಿಡಿ’ ಎಂದು ಸುಮ್ಮನಿರಬೇಡಿ.

2. ವಿ.ಆರ್.ಡಬ್ಲ್ಯು ಅವರನ್ನು ಹಿಡಿಯಿರಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿ.ಆರ್.ಡಬ್ಲ್ಯು), ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂ.ಆರ್.ಡಬ್ಲ್ಯು) ಇರುತ್ತಾರೆ. ಎಚ್.ಡಿ. ಕೋಟೆಯ ಹಾಡಿಯಲ್ಲಿದ್ದರೆ ಅವರನ್ನೇ ಮನೆಗೆ ಕರೆಸಿ, ತೊಡಕನ್ನು ಕಣ್ಣಾರೆ ತೋರಿಸಿ.

3. ಶೇ 5ರ ಲೆಕ್ಕ ಕೇಳಿ. ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ಕ್ರಿಯಾಯೋಜನೆ ಸಿದ್ಧವಾಗುವ ಮುನ್ನವೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಡಾವಳಿಯಲ್ಲಿ ಬರೆಸಿ. ಪಟ್ಟಣದವರು ನಗರಸಭೆ, ಪುರಸಭೆಯಲ್ಲಿ ವಿಚಾರಿಸಿ.

4. ಅಳತೆ ಬರೆದು ಕೊಡಿ. ‘ಅನುಕೂಲ ಮಾಡಿಕೊಡಿ’ ಎಂದಷ್ಟೇ ಬರೆದ ಅರ್ಜಿಗೆ ಅಂದಾಜುಪಟ್ಟಿ ಆಗುವುದಿಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಇಳಿಜಾರು, ಇದು ಲೆಕ್ಕ. ಒಂದೂವರೆ ಅಡಿ ಜಗಲಿಗೆ ಹದಿನೆಂಟು ಅಡಿ ಬೇಕು. ಅಂಗಳ ಸಾಲದಿದ್ದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಿ. ಗಾಲಿಕುರ್ಚಿ ಸರಾಗವಾಗಿ ಹೋಗಲು ಬಾಗಿಲು ಮೂರಡಿ ಅಗಲವಿರಲಿ.

5. ಹಣ ಕಡಿಮೆಯಿದ್ದರೆ ಶೌಚಾಲಯ ಮೊದಲು. ಕಮೋಡ್, ಗೋಡೆಗೆ ಭದ್ರವಾದ ಹಿಡಿಕಂಬಿ, ಜಾರದ ನೆಲ, ರಾತ್ರಿಗೊಂದು ದೀಪ. ಇಳಿಜಾರಿನ ಸಿಮೆಂಟಿಗೆ ಅಡ್ಡಗೀರು ಹಾಕಿಸಿ. ಮಳೆಗಾಲದಲ್ಲಿ ನುಣುಪು ನೆಲ ಪಾಚಿ ಕಟ್ಟುತ್ತದೆ.

6. ಹೊಸ ಮನೆಯಾದರೆ ಪಾಯದಲ್ಲೇ ಹೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ವಸತಿ ಯೋಜನೆಗಳಲ್ಲಿ ಶೇ 5 ಮೀಸಲಾತಿ ಇದೆ, ಮಹಿಳೆಯರಿಗೆ ಆದ್ಯತೆ. ಬಾಗಿಲಿನ ಅಗಲ, ತಗ್ಗು ಹೊಸ್ತಿಲು ಮೇಸ್ತ್ರಿಗೆ ಆಗಲೇ ತಿಳಿಸಿದರೆ ಮುಂದೆ ಗೋಡೆ ಒಡೆಸುವ ಖರ್ಚು ತಪ್ಪುತ್ತದೆ.

7. ಸಲಕರಣೆಯ ದಾರಿ ಬೇರೆ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ 60 ದಾಟಿದ ಬಡವರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಉಚಿತ. ಇದಕ್ಕಾಗಿ ನಡೆಯುವ ಶಿಬಿರದ ದಿನ ಆಧಾರ್, ಬಿಪಿಎಲ್ ಕಾರ್ಡ್ ಕೈಯಲ್ಲಿರಲಿ. ಹಿರಿಯರ ಸಹಾಯವಾಣಿ 14567.

ಇದು ಯಾರೋ ತೋರುವ ದಯೆಯಲ್ಲ, ನಿಮಗೆಂದೇ ಎತ್ತಿಟ್ಟ ಹಣ. ಮುಂದಿನ ಗ್ರಾಮಸಭೆಗೆ ಅರ್ಜಿ ಹಿಡಿದೇ ಹೋಗಿ.