ನಕ್ಷತ್ರಗಳ ಸುತ್ತಣ ಧೂಳು

ಬೇಸಗೆಯಲ್ಲಿ ರಾಜಸ್ಥಾನದ ಕಡೆಯಿಂದ ಆಂಧಿ ಬೀಸಿತೆಂದರೆ ದೆಹಲಿಯ ನಾವೆಲ್ಲರೂ ಕಿಟಕಿ ಮುಚ್ಚಲು ಧಾವಿಸುತ್ತೇವೆ. ಆ ಧೂಳಿನ ಬಹುಪಾಲು ಸಿಲಿಕೇಟ್ ಖನಿಜಗಳು, ಅರ್ಥಾತ್ ಕಲ್ಲಿನ ಪುಡಿ. ಮಿಲಿಮೀಟರಿನ ಸಾವಿರದಲ್ಲಿ ಎರಡೂವರೆ ಭಾಗಕ್ಕಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆಂದು ವೈದ್ಯರು ಎಚ್ಚರಿಸುತ್ತಾರೆ. ಇದೇ ವರ್ಗದ ಸೂಕ್ಷ್ಮ ಕಣಗಳು ತರುಣ ನಕ್ಷತ್ರಗಳ ಸುತ್ತ ತಟ್ಟೆಯಂತೆ ಹರಡಿಕೊಂಡಿವೆ.

1983ರಲ್ಲಿ ಐರಾಸ್ ಎಂಬ ಉಪಗ್ರಹವು ನಮ್ಮ ಅಭಿಜಿತ್ ನಕ್ಷತ್ರದ ಕಡೆಯಿಂದ ನಿರೀಕ್ಷೆಗಿಂತ ಅಧಿಕ ಅತಿಗೆಂಪು ಕಿರಣಗಳು ಬರುತ್ತಿರುವುದನ್ನು ಕಂಡಿತು. ಸುತ್ತಣ ಧೂಳು ಕಾದು ಹೊರಸೂಸುವ ಶಾಖವೇ ಅದು. ಮರುವರ್ಷ ಸ್ಮಿತ್ ಮತ್ತು ಟೆರಿಲ್ ಎಂಬ ಖಗೋಳಜ್ಞರು ಚಿಲಿ ದೇಶದಿಂದ ಬೀಟಾ ಪಿಕ್ಟೋರಿಸ್ ನಕ್ಷತ್ರದ ಧೂಳುತಟ್ಟೆಯ ಚಿತ್ರವನ್ನೇ ತೆಗೆದರು. 63 ಜ್ಯೋತಿರ್ವರ್ಷ ದೂರದ ಈ ನಕ್ಷತ್ರದ ವಯಸ್ಸು ಸುಮಾರು 2 ಕೋಟಿ ವರ್ಷ. 460 ಕೋಟಿ ವರ್ಷದ ಸೂರ್ಯನೆದುರು ತೊಟ್ಟಿಲ ಕೂಸು. ಇದಿರುವುದು ಅಗಸ್ತ್ಯ ನಕ್ಷತ್ರದ ಸಮೀಪ. ಬೆಂಗಳೂರಿನಲ್ಲಿ ದಿಗಂತದಿಂದ 26 ಡಿಗ್ರಿಯವರೆಗೆ ಏರುವ ಇದು ದೆಹಲಿಯಲ್ಲಿ 10 ಡಿಗ್ರಿ ಮಾತ್ರ ಏರುತ್ತದೆ. ಚಳಿಗಾಲದ ನಮ್ಮ ಹೊಗೆಯಲ್ಲಿ ಅದನ್ನು ಹುಡುಕುವ ಶ್ರಮ ವ್ಯರ್ಥ.

ಮುಟ್ಟಲಾಗದ ಧೂಳಿನ ಘಟಕಗಳನ್ನು ತಿಳಿಯುವುದೆಂತು? ಪ್ರತಿಯೊಂದು ಖನಿಜವೂ ತನಗೇ ವಿಶಿಷ್ಟವಾದ ತರಂಗಾಂತರಗಳಲ್ಲಿ ಶಾಖವನ್ನು ಸೂಸುತ್ತದೆ. ಸಿಲಿಕೇಟಿನ ಗುರುತು 10 ಮೈಕ್ರಾನ್ ಸುಮಾರಿನಲ್ಲಿದೆ. ಗಾಜಿನಂಥ ಕಣವಾದರೆ ಅಗಲವಾದ ಉಬ್ಬು, ಸ್ಫಟಿಕವಾದರೆ ಚೂಪಾದ ಶಿಖರಗಳು. ವಾತಾವರಣದ ನೀರಾವಿ ಈ ಕಿರಣಗಳಲ್ಲಿ ಅನೇಕವನ್ನು ನುಂಗಿಬಿಡುವುದರಿಂದಲೇ ಉಪಗ್ರಹಗಳೂ ಎತ್ತರದ ಶುಷ್ಕ ಪ್ರದೇಶಗಳೂ ಬೇಕಾಗುತ್ತವೆ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ ನಡೆಸುತ್ತಾರೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

2012ರಲ್ಲಿ ಹರ್ಷೆಲ್ ವ್ಯೋಮ ದೂರದರ್ಶಕದ ಮಾಪನಗಳಿಂದ ಬೀಟಾ ಪಿಕ್ಟೋರಿಸ್‌ನ ಶೀತವಲಯದಲ್ಲಿ ಆಲಿವೀನ್ ಸ್ಫಟಿಕಗಳಿರುವುದು ತಿಳಿದುಬಂದಿತು. ಮೈಸೂರು ಜಿಲ್ಲೆಯಲ್ಲಿ ಸಿಗುವ ಡ್ಯೂನೈಟ್ ಶಿಲೆಯ ಮುಖ್ಯ ಖನಿಜವೂ ಆಲಿವೀನೇ. ನಕ್ಷತ್ರದ ಈ ಆಲಿವೀನಿನಲ್ಲಿ ಮೆಗ್ನೀಸಿಯಂ ಅತ್ಯಧಿಕ, ಕಬ್ಬಿಣ ಶೇಕಡಾ ಒಂದರಷ್ಟು. ನಮ್ಮ ಸೌರವ್ಯೂಹದ ಧೂಮಕೇತುಗಳಲ್ಲಿಯೂ ಹೀಗೆಯೇ. ಆದರೆ ಇಂಥ ಸ್ಫಟಿಕಗಳು ರೂಪುಗೊಳ್ಳಲು ಕೆಂಡದಂಥ ಶಾಖ ಬೇಕು. ನಕ್ಷತ್ರದ ಬಳಿ ಹುಟ್ಟಿ, ಹೊರಕ್ಕೆ ಸಾಗಿ, ಅಲ್ಲಿ ಹಿಮದೊಡನೆ ಸೇರಿ ಧೂಮಕೇತುಗಳಾದುವೆಂದು ವಿಜ್ಞಾನಿಗಳು ಊಹಿಸುತ್ತಾರೆ.

ಬ್ಯಾಂಕಿನವನಾದ ನನ್ನನ್ನು ಆಕರ್ಷಿಸಿದ್ದು ಇದರ ಜಮಾಖರ್ಚು. ನಕ್ಷತ್ರದ ಬೆಳಕಿನ ಒತ್ತಡವು ಅತಿಸಣ್ಣ ಕಣಗಳನ್ನು ಹೊರದೂಡುತ್ತಲೇ ಇರುತ್ತದೆ. ಖರ್ಚು ಇಷ್ಟಿದ್ದೂ ಶಿಲ್ಕು ಬರಿದಾಗಿಲ್ಲವೆಂದರೆ ಎಲ್ಲಿಂದಲೋ ಜಮೆಯಾಗುತ್ತಿರಲೇಬೇಕಷ್ಟೆ! ಕಣ್ಣಿಗೆ ಕಾಣದ ಧೂಮಕೇತುಗಳೂ ಬಂಡೆಗಳೂ ಪರಸ್ಪರ ಡಿಕ್ಕಿಹೊಡೆದು ಪುಡಿಯಾಗುತ್ತಿರುವುದೇ ಆ ಜಮೆ. ಅದೇ ತಟ್ಟೆಯೊಳಗೆ ಗುರುವಿಗಿಂತ ಹಲವು ಪಟ್ಟು ಭಾರವಾದ ಎರಡು ಗ್ರಹಗಳೂ ಈಗಾಗಲೇ ಪತ್ತೆಯಾಗಿವೆ.