ನಿಂತು ದುಡಿಯುವವರ ದೇಹರಕ್ಷಣೆ: ಕ್ಷೌರಿಕ ದಂಪತಿಗಳಿಗೊಂದು ಪಾಠ

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತಣ ಹಳ್ಳಿಗಳಲ್ಲಿ ಅನೇಕ ಕುಟುಂಬಗಳು ಕ್ಷೌರದಂಗಡಿಯನ್ನೋ ಸ್ತ್ರೀಯರ ಬ್ಯೂಟಿ ಪಾರ್ಲರನ್ನೋ ನಂಬಿ ಜೀವಿಸುತ್ತಿವೆ. ಕಾರ್ಖಾನೆಯವರಿಗೆ ಭಾನುವಾರ ಬಿಡುವು. ಕ್ಷೌರಿಕನಿಗೆ ಅಂದೇ ಹೆಚ್ಚು ದುಡಿಮೆ. ಇದರಿಂದ ಬರುವ ಸೊಂಟನೋವು, ಕುತ್ತಿಗೆನೋವುಗಳನ್ನು ಕಸುಬಿನೊಡನೆ ಬಂದದ್ದೆಂದು ಸಹಿಸಿಕೊಳ್ಳುವುದು ಸರಿಯಲ್ಲ. ಕೈ ಸೋತರೆ ಆ ದಿನದ ಸಂಪಾದನೆಯೇ ನಿಲ್ಲುತ್ತದೆ, ಸಂಸಾರವೆಲ್ಲ ಕಷ್ಟಕ್ಕೀಡಾಗುತ್ತದೆ.

ನೋವಿಗೆ ಕಾರಣವೇನು?

ನಡೆಯುವಾಗ ಮೀನಖಂಡದ ಸ್ನಾಯುಗಳು ಕಾಲಿನ ರಕ್ತವನ್ನು ಹೃದಯದತ್ತ ತಳ್ಳುತ್ತವೆ. ಒಂದೇ ಕಡೆ ನಿಂತರೆ ಈ ಕ್ರಿಯೆ ಮಂದವಾಗಿ ರಕ್ತವು ಕಾಲಿನಲ್ಲಿ ತಂಗುತ್ತದೆ. ಪಾದ ಊದಿ, ಕ್ರಮೇಣ ರಕ್ತನಾಳಗಳು ಗಂಟುಗಂಟಾಗಿ ಉಬ್ಬಬಹುದು. ಇಟಲಿಯ ವೈದ್ಯ ರಾಮಾಜಿನಿಯು 1700ರಲ್ಲಿಯೇ ನಿಂತು ದುಡಿಯುವವರ ಕಾಲುಬೇನೆಯ ವಿಷಯ ಬರೆದಿದ್ದನು. ಮೊಣಕೈಯನ್ನು ಬಹಳ ಹೊತ್ತು ಭುಜದೆತ್ತರಕ್ಕೆ ಹಿಡಿದರೆ ಭುಜವೂ, ತಲೆ ಬಗ್ಗಿಸಿದರೆ ಕುತ್ತಿಗೆಯೂ ದಣಿಯುತ್ತವೆ.

ಪಾಲಿಸತಕ್ಕ ನಿಯಮಗಳು

1. ನೀವು ಬಾಗದೆ ಗಿರಾಕಿಯ ಕುರ್ಚಿಯನ್ನು ಏರಿಸಿ ಇಳಿಸಿರಿ. ನಿಮ್ಮ ಮೊಣಕೈ ಪಕ್ಕೆಯ ಸಮೀಪವಿರಲಿ. ಮಕ್ಕಳನ್ನು ಕುರ್ಚಿಯ ಕೈಗಳ ಮೇಲೆ ಭದ್ರವಾದ ಹಲಗೆಯಿಟ್ಟು ಕೂರಿಸಿರಿ. ಸೊಂಟ ತಿರುಚದೆ ಕುರ್ಚಿಯ ಸುತ್ತ ಹೆಜ್ಜೆಯಿಟ್ಟು ತಿರುಗಿರಿ.

2. ಗಿಡ್ಡ ಮಣೆಯೊಂದರ ಮೇಲೆ ಪಾದಗಳನ್ನು ಸರದಿಯಂತೆ ಇರಿಸಿರಿ. ಮೆತ್ತನೆಯ ಅಟ್ಟೆಯ ಪಾದರಕ್ಷೆ ಧರಿಸಿರಿ.

3. ಗಿರಾಕಿ ಎದ್ದೊಡನೆ ಹಿಮ್ಮಡಿಗಳನ್ನು 10 ಬಾರಿ ಎತ್ತಿ ಇಳಿಸಿರಿ. ಭುಜಗಳನ್ನು ಹಿಂದಕ್ಕೆ ತಿರುಗಿಸಿರಿ. ಒಂದೆರಡು ನಿಮಿಷ ಕುಳಿತುಕೊಳ್ಳಿರಿ.

4. ಮೊಂಡು ಕತ್ತರಿಯಿಂದ ಹೆಬ್ಬೆರಳಿಗೂ ಮಣಿಕಟ್ಟಿಗೂ ಶ್ರಮ ಹೆಚ್ಚು. ಕಾಲಕಾಲಕ್ಕೆ ಸಾಣೆ ಹಿಡಿಸಿರಿ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕ್ಷೌರಿಕರೂ ಸೇರಿದ್ದು, ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗೆ ನೆರವುಂಟು.

5. ನಮ್ಮಲ್ಲಿ ಅನೇಕ ಕ್ಷೌರದಂಗಡಿಗಳಿಗೆ ಮಂಗಳವಾರ ರಜೆ. ಆ ದಿನವನ್ನು ಬೇರೆ ಭಾರದ ಕೆಲಸಕ್ಕೆ ಒತ್ತೆಯಿಡದೆ ದೇಹಕ್ಕೆ ವಿಶ್ರಾಂತಿ ಕೊಡಿರಿ.

ದಂಪತಿಗಳ ಕರ್ತವ್ಯ

ರಾತ್ರಿ ಮನೆಗೆ ಬಂದವರು ಕಾಲುಗಳನ್ನು ದಿಂಬಿನ ಮೇಲಿರಿಸಿ 15 ನಿಮಿಷ ಮಲಗಲಿ. ಪಾರ್ಲರಿನಲ್ಲಿ ನಿಂತು ಬಂದ ಗೃಹಿಣಿಗೂ ಈ ವಿಶ್ರಾಂತಿ ಅವಶ್ಯಕ. ನೀರು ಹೊರುವುದು, ಪಾತ್ರೆ ತೊಳೆಯುವುದು ಪತಿಗೂ ಸೇರಿದ ಕೆಲಸವೆಂದು ತಿಳಿಯತಕ್ಕದ್ದು. ಆಕೆ ಗರ್ಭಿಣಿಯಾದರೆ ದೀರ್ಘಕಾಲ ನಿಲ್ಲದೆ ಆದಷ್ಟು ಕುಳಿತೇ ಕೆಲಸ ಮಾಡಲಿ. ಮುಖ, ಕೈ ಊದಿ ತಲೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬೆರಳುಗಳಲ್ಲಿ ಜೋಮು, ಸೊಂಟದಿಂದ ಕಾಲಿಗಿಳಿಯುವ ನೋವು ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಅದೇ ದಿನ ಹೋಗಿರಿ. ವೈದ್ಯರನ್ನು ಕೇಳದೆ ನಿತ್ಯವೂ ನೋವಿನ ಗುಳಿಗೆ ನುಂಗುವುದರಿಂದ ಹೊಟ್ಟೆಗೂ ಮೂತ್ರಪಿಂಡಗಳಿಗೂ ಹಾನಿಯುಂಟು. ಈ ನಿಯಮಗಳನ್ನು ಪತಿಪತ್ನಿಯರು ಒಟ್ಟಿಗೆ ಓದಿ, ನಾಳೆ ಅಂಗಡಿ ತೆರೆಯುವಾಗಲೇ ಕುರ್ಚಿಯ ಎತ್ತರದಿಂದ ಆರಂಭಿಸಿರಿ.