ಒವನ್ ಇಲ್ಲದ ಮನೆಯಲ್ಲಿ ಇಟಲಿಯ ಸಿಹಿ

ಪ್ರಶ್ನೆ: ನಮ್ಮದು ದಾವಣಗೆರೆ. ಮುಂದಿನ ತಿಂಗಳು ಯಜಮಾನರು ನಿವೃತ್ತರಾಗುತ್ತಾರೆ. ಮನೆಯಲ್ಲೇ 30 ಜನಕ್ಕೆ ಊಟ ಇಟ್ಟುಕೊಂಡಿದ್ದೇವೆ. ಕೊನೆಗೆ ಒಂದೊಂದು ತುತ್ತಿನ ಇಟಾಲಿಯನ್ ಸಿಹಿ ನಾನೇ ಮಾಡುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟುಬಿಟ್ಟೆ. ಒವನ್ ಇಲ್ಲ. ಮೊನ್ನೆ ವಿಡಿಯೊ ನೋಡಿಕೊಂಡು ಟಿರಾಮಿಸು ಮಾಡಲು ಹೋದರೆ, ಕ್ರೀಮ್ ಎಷ್ಟು ಕಡೆದರೂ ಗಟ್ಟಿಯಾಗಲಿಲ್ಲ, ಬಿಸ್ಕತ್ತು ಗಂಜಿಯಾಯಿತು. ಅತ್ತೆಯವರು ಮೊಟ್ಟೆ ಮುಟ್ಟುವವರಲ್ಲ. "ಪರದೇಶದ್ದು, ಒಳಗೆ ಏನೇನು ಹಾಕಿರ್ತಾರೋ" ಎಂದು ಈಗಲೇ ಅನುಮಾನ. ಇವರು "ಸುಮ್ಮನೆ ಬೇಕರಿಯಿಂದ ತರಿಸು" ಅನ್ನುತ್ತಾರೆ. ಕೈಬಿಡಲೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಕೈಬಿಡಬೇಡಿ. ಆದರೆ ಟಿರಾಮಿಸುವನ್ನು ಮೊದಲ ಸ್ಥಾನದಿಂದ ಇಳಿಸಿ. ಅಲ್ಲಿಗೆ ಚಾಕೊಲೇಟ್ ಸಲಾಮಿ ಬರಲಿ. ಇಟಲಿಯ ಮನೆಗಳಲ್ಲಿ ಒಲೆಯ ಗೊಡವೆಯೇ ಇಲ್ಲದೆ ಮಾಡುವ ಸಿಹಿ ಇದು. ಈಸ್ಟರ್‌ಗೆ ಬಂದ ಚಾಕೊಲೇಟ್ ಮೊಟ್ಟೆಗಳು ಮಿಕ್ಕರೆ ಅಲ್ಲಿಯವರು ಇದಕ್ಕೇ ಹಾಕಿ ಮುಗಿಸುತ್ತಾರೆ. ಕೆಡುವುದು ಕಷ್ಟ, ಎರಡು ದಿನ ಮೊದಲೇ ಮಾಡಿಡಬಹುದು.

200 ಗ್ರಾಂ ಮಾರಿ ಬಿಸ್ಕತ್ತನ್ನು ಕಡಲೆಕಾಳಿನ ಗಾತ್ರಕ್ಕೆ ಕೈಯಲ್ಲೇ ಮುರಿಯಿರಿ. ಮಿಕ್ಸಿಗೆ ಹಾಕಬೇಡಿ, ಪುಡಿಯಾದರೆ ಕತ್ತರಿಸಿದಾಗ ಕಾಣಬೇಕಾದ ಬಿಳಿ ಚೂರುಗಳೇ ಇರುವುದಿಲ್ಲ. 100 ಗ್ರಾಂ ಮೆತ್ತನೆಯ ಬೆಣ್ಣೆ, 100 ಗ್ರಾಂ ಸಕ್ಕರೆ ಪುಡಿ, 50 ಗ್ರಾಂ ಕೋಕೊ ಚೆನ್ನಾಗಿ ನಾದಿ, ಬಿಸ್ಕತ್ತು, ಹುರಿದ ಒಂದು ಹಿಡಿ ಬಾದಾಮಿ ಸೇರಿಸಿ. ಇಟಲಿಯಲ್ಲಿ ಕೆಲವರು ಇಲ್ಲಿ ಹಸಿ ಮೊಟ್ಟೆ ಹಾಕುತ್ತಾರೆ, ನಿಮಗೆ ಮೂರು ಚಮಚ ಹಾಲು ಸಾಕು. ಬೆಣ್ಣೆ ಅಂಗಡಿಯ ಉಪ್ಪಿಲ್ಲದ್ದೇ ಆಗಲಿ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಉಳಿದಿರುತ್ತದೆ, ಹುಳಿ ತಟ್ಟುತ್ತದೆ. ನಿಮ್ಮೂರಿನ ಬೆಣ್ಣೆಯ ಖ್ಯಾತಿ ದೋಸೆಗೇ ಇರಲಿ. ಎರಡು ಬೆರಳು ದಪ್ಪದ ಉರುಳೆ ಮಾಡಿ, ಬಟರ್ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ ಫ್ರಿಜ್ಜಿನಲ್ಲಿಡಿ. ನಾಲ್ಕು ಗಂಟೆ ಬಿಟ್ಟು ಸಕ್ಕರೆ ಪುಡಿಯಲ್ಲಿ ಹೊರಳಿಸಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದರೆ ಸುಮಾರು 30 ತುಂಡು. ತಲೆಗೆ ಎರಡು ಬೇಕೆಂದರೆ ಅಳತೆ ದುಪ್ಪಟ್ಟು ಮಾಡಿ. ನಮ್ಮ ಸೆಖೆಗೆ ಬೆಣ್ಣೆ ನಿಲ್ಲುವುದಿಲ್ಲ, ಒಂದೊಂದೇ ತಟ್ಟೆಯಷ್ಟು ಹೊರಗೆ ತನ್ನಿ.

ಒಂದು ಎಚ್ಚರ. ಸಲಾಮಿ ಎಂದರೆ ಹಂದಿ ಮಾಂಸದ ಸಾಸೇಜ್. ಈ ಸಿಹಿಗೆ ಅದರ ರೂಪ ಮಾತ್ರ ಬಂದಿದೆ, ಮಾಂಸವಲ್ಲ. ಹಾಗಿದ್ದರೂ ಅತ್ತೆಯವರ ಮುಂದೆ ಆ ಹೆಸರು ಎತ್ತಬೇಡಿ. "ಚಾಕೊಲೇಟ್ ಬಿಸ್ಕತ್ತಿನ ರೋಲ್" ಎಂದರೆ ಸುಳ್ಳೇನೂ ಹೇಳಿದಂತಾಗದು.

ಇನ್ನು ನಿಮ್ಮ ಟಿರಾಮಿಸು. ಉತ್ತರ ಇಟಲಿಯ ತ್ರೆವಿಸೊ ಊರಿನ 'ಲೆ ಬೆಕ್ಕೆರಿಯೆ' ಎಂಬ ಹೋಟೆಲಿನಿಂದ 1970ರ ದಶಕದ ಆರಂಭದಲ್ಲಿ ಇದು ಹೆಸರು ಮಾಡಿತು, ಹುಟ್ಟಿದ್ದು ನಮ್ಮಲ್ಲೇ ಎಂದು ಜಗಳವಾಡುವವರು ಬೇರೆ ಕಡೆಯೂ ಇದ್ದಾರೆ. ಅದಕ್ಕೆ ಹಸಿ ಮೊಟ್ಟೆಯ ಹಳದಿ ಹಾಕುತ್ತಾರೆ. ಹಸಿ ಮೊಟ್ಟೆ ವಯಸ್ಸಾದವರಿಗೆ, ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಹೇಗೂ ಒಳ್ಳೆಯದಲ್ಲ. ಹಾಗಾಗಿ ಮೊಟ್ಟೆ ಬಿಡುವುದಕ್ಕೆ ಅತ್ತೆಯವರೊಬ್ಬರೇ ಕಾರಣವೆಂದು ಕೊರಗಬೇಡಿ.

ನಿಮ್ಮ ಕ್ರೀಮ್ ಯಾಕೆ ಏಳಲಿಲ್ಲ? ಬಹುಶಃ ಅಡುಗೆಗೆ ಬಳಸುವ 'ಫ್ರೆಶ್ ಕ್ರೀಮ್' ಪೊಟ್ಟಣ ತಂದಿರುತ್ತೀರಿ. ಅದರಲ್ಲಿ ಕೊಬ್ಬು ಶೇ. 25ರ ಆಸುಪಾಸು. ಕಡೆದಾಗ ಗಾಳಿ ಹಿಡಿದು ನಿಲ್ಲಬೇಕಾದರೆ ಶೇ. 35 ಇರುವ ವಿಪ್ಪಿಂಗ್ ಕ್ರೀಮ್ ಬೇಕು, ಪಾತ್ರೆಯೂ ತಣ್ಣಗಿರಬೇಕು. ಇದು ನಿಮ್ಮ ಕೈಯ ತಪ್ಪಲ್ಲ, ಪೊಟ್ಟಣದ್ದು.

ಟಿರಾಮಿಸುವಿಗೆ ಬೇಕಾದ ಮಸ್ಕಾರ್ಪೋನೆ ಎಂಬ ಮೆತ್ತನೆಯ ಚೀಸ್ ದುಬಾರಿ, ಆದರೆ ಮನೆಯಲ್ಲೇ ಆಗುತ್ತದೆ. ಅದೇ ಶೇ. 35ರ ಡೈರಿ ಕ್ರೀಮ್ ಅರ್ಧ ಲೀಟರ್ ತೆಗೆದುಕೊಂಡು, ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟು, ಅಂಚಿನಲ್ಲಿ ಸಣ್ಣ ಗುಳ್ಳೆ ಬರುವ ತನಕ ಬಿಸಿ ಮಾಡಿ. ಸುಮಾರು 85 ಡಿಗ್ರಿ. ಒಂದು ದೊಡ್ಡ ಚಮಚ ನಿಂಬೆರಸ ಹಾಕಿ ಐದು ನಿಮಿಷ ಕೈಯಾಡಿಸಿ. ಇಲ್ಲಿ ಎಲ್ಲರೂ ಗಾಬರಿಯಾಗುತ್ತಾರೆ: ಪನೀರಿನ ಹಾಗೆ ಒಡೆಯುವುದೇ ಇಲ್ಲ! ಒಡೆಯಬಾರದು. ಚಮಚಕ್ಕೆ ದಪ್ಪಗೆ ಅಂಟಿದರೆ ಆಯಿತು. ಆರಿಸಿ, ಬಟ್ಟೆ ಹಾಸಿದ ಜರಡಿಗೆ ಸುರಿದು ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ.

ಮಾರನೆಯ ದಿನ 250 ಗ್ರಾಂ ಮಸ್ಕಾರ್ಪೋನೆಗೆ 75 ಗ್ರಾಂ ಸಕ್ಕರೆ ಪುಡಿ ಬೆರೆಸಿ, ಕಡೆದ ಕ್ರೀಮ್ 250 ಮಿಲಿ ಮೆಲ್ಲಗೆ ಸೇರಿಸಿ. ಅಲ್ಲಿ ಬಳಸುವ ಸವೊಯಾರ್ದಿ ಬಿಸ್ಕತ್ತಿನಲ್ಲಿ ಮೊಟ್ಟೆ ಇರುತ್ತದೆ. ಇಲ್ಲಿ ನಿಮ್ಮ ಯಜಮಾನರ ಸಲಹೆ ಕೆಲಸಕ್ಕೆ ಬರುತ್ತದೆ: ಬೇಕರಿಯಿಂದ ಎಗ್‌ಲೆಸ್ ಸ್ಪಂಜ್ ಕೇಕ್ ಅಥವಾ ರಸ್ಕ್ ತರಿಸಿ, ಹಸಿರು ಗುರುತು ನೋಡಿ. ಚಿಕೋರಿ ಇಲ್ಲದ ಪುಡಿಯ ಗಟ್ಟಿ ಡಿಕಾಕ್ಷನ್ ಪೂರ್ತಿ ತಣ್ಣಗಾಗಲಿ. ಬಹುಶಃ ಬಿಸಿಯದರಲ್ಲಿ ಅದ್ದಿದ್ದಕ್ಕೇ ಅವತ್ತು ಗಂಜಿಯಾಗಿರಬೇಕು. ಫಿಲ್ಟರ್ ಕಾಫಿ ಸರಿಹೋದೀತೇ ಎಂದು ಅಳುಕಬೇಡಿ, ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿಯೇ, ಚಿಕ್ಕಮಗಳೂರು-ಕೊಡಗಿನ ಬೀಜ ಅವರ ಎಸ್ಪ್ರೆಸೊದಲ್ಲೂ ಇದೆ. ಪುಟ್ಟ ಕಪ್ಪುಗಳಲ್ಲಿ ತುಂಡನ್ನು ಅದ್ದಿ ತಕ್ಷಣ ತೆಗೆದಿಟ್ಟು ಮೇಲೆ ಕ್ರೀಮ್ ಹಾಕಿ. ದೊಡ್ಡ ಟ್ರೇಯಲ್ಲಿ ಮಾಡಿದರೆ ಬಡಿಸುವಾಗ ಕುಸಿಯುತ್ತದೆ, ಕಪ್ಪಿನಲ್ಲಿ ಆ ಭಯವಿಲ್ಲ. ಆರು ಗಂಟೆಯಾದರೂ ಫ್ರಿಜ್ಜಿನಲ್ಲಿರಲಿ. ಕೋಕೊ ಉದುರಿಸುವುದು ಬಡಿಸುವ ಮುಂಚೆ ಮಾತ್ರ.

ಪೇಟೆಯಲ್ಲಿ ಶೇ. 35ರ ಕ್ರೀಮ್ ಸಿಗಲೇ ಇಲ್ಲವೆ? ಆಗ ಟಿರಾಮಿಸು ಬಿಟ್ಟು ಪಿಯೆಮೊಂತೆ ಪ್ರಾಂತ್ಯದ ಪನ್ನ ಕೋಟ ಮಾಡಿ. ಅದಕ್ಕೆ ಕಡೆಯುವ ಕೆಲಸವೇ ಇಲ್ಲ, ನಿಮಗೆ ಕೈಕೊಟ್ಟ ಪೊಟ್ಟಣವೇ ಸಾಕು. ಅರ್ಧ ಕ್ರೀಮ್, ಅರ್ಧ ಹಾಲು, ಸಕ್ಕರೆ. ಗಟ್ಟಿಯಾಗಲು ಅಲ್ಲಿ ಹಾಕುವ ಜಿಲೆಟಿನ್ ಪ್ರಾಣಿಗಳ ಚರ್ಮ-ಮೂಳೆಯಿಂದ ಬರುವುದರಿಂದ ಅದರ ಬದಲು ಚೀನಾ ಗ್ರಾಸ್ ಪುಡಿ, ಅರ್ಧ ಲೀಟರಿಗೆ ಮಟ್ಟಸವಾದ ಒಂದು ಚಹಾ ಚಮಚ, ಎರಡು ನಿಮಿಷ ಕುದಿಯಲೇಬೇಕು. ಕರೆಂಟು ಹೋದರೂ ಇದು ಕರಗಿ ಹರಿಯುವುದಿಲ್ಲ.

ಅತ್ತೆಯವರ ಮಾತಿಗೆ ಬರೋಣ. ಅವರ ಅನುಮಾನ ನ್ಯಾಯವಾದದ್ದೇ, ಮೂಲದ ಟಿರಾಮಿಸುವಿನಲ್ಲಿ ಮೊಟ್ಟೆ, ಪನ್ನ ಕೋಟದಲ್ಲಿ ಜಿಲೆಟಿನ್ ಇರುವುದು ನಿಜ. ವಾದಿಸಿ ಗೆಲ್ಲಲು ಹೋಗಬೇಡಿ. ಒಳಗೆ ಏನು ಹಾಕಿದ್ದೀರಿ ಎಂಬುದನ್ನು ಮುಚ್ಚಿಡುವುದಂತೂ ಬೇಡವೇ ಬೇಡ. ಸಲಾಮಿ ಮಾಡುವ ದಿನ ಬಿಸ್ಕತ್ತು ಮುರಿಯುವ ಕೆಲಸವನ್ನು ಅವರಿಗೇ ಕೊಡಿ, "ಅತ್ತೆ, ಈ ಪೊಟ್ಟಣದ ಗುರುತೊಂದು ನೋಡಿ" ಎಂದು ಕೈಗಿಡಿ. ತಾವೇ ಮುರಿದು ಹಾಕಿದ್ದರ ಮೇಲೆ ಅವರಿಗೆ ಅನುಮಾನ ಉಳಿಯುವುದು ಕಷ್ಟ. ಅಷ್ಟಾದ ಮೇಲೂ ಬೇಡವೆಂದರೆ ಒತ್ತಾಯ ಮಾಡಬೇಡಿ; ಅವರ ಎಲೆಗೆ ಒಂದು ಹೋಳಿಗೆ ಇರಲಿ.